ಪ್ರೊಫೀರಾ ಪಿಸುಗುಟ್ಟಿದ ಉತ್ತರ

ದೊಡ್ಡಾಸ್ಪತ್ರೆಯ ಎರಡನೇ ಮೆಡಿಕಲ್ ವಾರ್ಡಿನಲ್ಲಿ ಪ್ರೊಫೀರಾ ಎಂಬ ಆಯಾ ಮೂವತ್ತೊಂದು ವರ್ಷ ನೆಲ ಒರೆಸಿದಳು. ಹಾಗೆಂದು ಅವಳೆದುರಿಗೆ ಯಾರಾದರೂ ಹೇಳಿದರೆ ಅವಳಿಗೆ ಸಿಟ್ಟು ಬರುತ್ತಿತ್ತು. "ನೆಲ ಒರೆಸೋಕೆ ಮೊದಲನೇ ಮೆಡಿಕಲ್‌ನಲ್ಲಿ ಜನ ಇದಾರೆ. ನಾನು ಇಲ್ಲಿ ವಾರ್ಡ್ ನಡೆಸ್ತೀನಿ," ಎನ್ನುತ್ತಿದ್ದಳು. ಅದು ಪೂರ್ತಿ ಸುಳ್ಳೇನೂ ಆಗಿರಲಿಲ್ಲ. ಯಾವ ಹಾಸಿಗೆಯ ಸ್ಪ್ರಿಂಗು ಬೆನ್ನಿಗೆ ಚುಚ್ಚುತ್ತದೆ, ಯಾವ ಮುದುಕನಿಗೆ ಸೂಪಿನಲ್ಲಿ ಹುಳಿ ಬೇಕು, ಯಾವ ಡಾಕ್ಟರು ಬೆಳಿಗ್ಗೆ ಮನೆಯಲ್ಲಿ ಜಗಳವಾಡಿಕೊಂಡು ಬಂದಿದ್ದಾರೆ ಎಂಬುದೆಲ್ಲ ಅವಳಿಗೆ ಗೊತ್ತಿತ್ತು. ಪ್ರುತ್ ನದಿಯ ದಂಡೆಯ ಹಳ್ಳಿಯಿಂದ ಹತ್ತೊಂಬತ್ತನೆಯ ವಯಸ್ಸಿಗೆ ಬಂದು ಸೇರಿದವಳು. ಓದು ನಾಲ್ಕನೆಯ ತರಗತಿಗೆ ನಿಂತಿತ್ತು. ಆದರೆ ಕಿವಿ ಚುರುಕು.

ಆ ಕಿವಿಯೇ ಅವಳ ಬಾಳನ್ನು ಕಟ್ಟಿತು. ಕೊನೆಗೆ ಅವಳ ತಲೆ ತಗ್ಗಿಸಿದ್ದೂ ಅದೇ.

ಪ್ರೊಫೆಸರ್ ಜಹಾರಿಯಾ ಅವರ ರೌಂಡ್ಸು ಸೋಮವಾರ ಮತ್ತು ಗುರುವಾರ. ಮುಂದೆ ಅವರು, ಹಿಂದೆ ಡಾಕ್ಟರುಗಳು, ಅವರ ಹಿಂದೆ ಮೂವತ್ತು ಮಂದಿ ವಿದ್ಯಾರ್ಥಿಗಳು. ಇವರೆಲ್ಲರ ಹಿಂದೆ ಬಕೆಟ್ಟು ಹಿಡಿದ ಪ್ರೊಫೀರಾ. ರೋಗಿಯ ಮುಂದೆ ಕೆಟ್ಟ ರೋಗದ ಹೆಸರೆತ್ತುವ ಪದ್ಧತಿ ಅಲ್ಲಿ ಇರಲಿಲ್ಲ. ಹಾಸಿಗೆಯ ಬಳಿ 'ಹುಣ್ಣು' ಎನ್ನುವರು, 'ಸ್ವಲ್ಪ ಊತ' ಎನ್ನುವರು, ಬೆನ್ನು ತಟ್ಟುವರು. ನಿಜವಾದ ಮಾತೆಲ್ಲ ಕೋಣೆಯ ಬಾಗಿಲು ದಾಟಿದ ಮೇಲೆ, ಹಜಾರದಲ್ಲಿ. ರೋಗಿಯ ಮನೆಯವರನ್ನೂ ಹಜಾರಕ್ಕೇ ಕರೆದು, ಕಿಟಕಿಯ ಪಕ್ಕಕ್ಕೆ ನಿಲ್ಲಿಸಿ ಹೇಳುವರು. ಹಜಾರವನ್ನು ಒರೆಸುತ್ತಿದ್ದವಳು ಪ್ರೊಫೀರಾ. ಐದು ವರ್ಷ ಕಳೆಯುವಷ್ಟರಲ್ಲಿ ಪಿತ್ತಕೋಶ, ಗುಲ್ಮ, ಕವಾಟ, ನೀರು ತುಂಬಿದ ಪುಪ್ಪುಸ ಎಲ್ಲವೂ ಅವಳ ಬಾಯಲ್ಲಿ ಎಲೆಕೋಸು, ಆಲೂಗಡ್ಡೆಯ ಹಾಗೆ ಆಡತೊಡಗಿದವು.

ಜೂನ್ ತಿಂಗಳಲ್ಲಿ ಕೊನೆಯ ವರ್ಷದವರ ಪರೀಕ್ಷೆ. ವಿದ್ಯಾರ್ಥಿ ಒಂದು ಚೀಟಿ ಎತ್ತಬೇಕು; ಅದರಲ್ಲಿ ಹಾಸಿಗೆಯ ನಂಬರು. ಆ ರೋಗಿಯೊಡನೆ ಅರ್ಧ ಗಂಟೆ. ಮುಟ್ಟಿ, ತಟ್ಟಿ, ಕೇಳಿ, ಬರೆದುಕೊಂಡು, ಹಜಾರದ ಕೊನೆಯ ಕೋಣೆಗೆ ಹೋಗಿ ಪರೀಕ್ಷಕರ ಮುಂದೆ ರೋಗ ಯಾವುದೆಂದು ಹೇಳಬೇಕು. ಪ್ರೊಫೀರಾ ಬಂದ ಆರನೆಯ ವರ್ಷ ಒಬ್ಬ ಹುಡುಗ, ಹೆಸರು ವಿಕೋಲ್, ಮೂರನೇ ಕೋಣೆಯಲ್ಲಿ ರೋಗಿಯ ಎದೆಯ ಮೇಲೆ ಸ್ಟೆತಸ್ಕೋಪು ಇಟ್ಟುಕೊಂಡೇ ಅಳುತ್ತ ಕುಳಿತಿದ್ದ. ಅವಳಿಗೆ ಕರುಳು ಚುರುಕ್ ಎಂದಿತು. ದಿಂಬಿನ ಚೀಲ ಬದಲಿಸುವ ನೆಪದಲ್ಲಿ ಬಗ್ಗಿ, "ಎಡಗಡೆ ಕವಾಟ. ಬಿಗಿಯಾಗಿದೆ. ಮೂಗು ಒರೆಸ್ಕೋ," ಎಂದಳು. ಹುಡುಗ ಪಾಸಾದ. ಮುಂದೆ ಅದೇ ವಾರ್ಡಿನಲ್ಲಿ ಡಾಕ್ಟರಾದ. ಈಗ ಪರೀಕ್ಷಕರಲ್ಲಿ ಅವನೂ ಒಬ್ಬ.

ಅಲ್ಲಿಂದ ಮುಂದೆ ಪ್ರತಿ ಜೂನ್‌ನಲ್ಲೂ ಪ್ರೊಫೀರಾಗೆ ದಿಂಬಿನ ಚೀಲಗಳು ಸಾಲುತ್ತಿರಲಿಲ್ಲ. ವಿದ್ಯಾರ್ಥಿಗಳು ಅವಳನ್ನು 'ಪ್ರೊಫೆಸರ್ ಪ್ರೊಫೀರಾ' ಎಂದು ಕರೆದರು. ಮಾರ್ಚ್ ಒಂದರಂದು, ವಸಂತ ಬಂತೆಂದು, ಕೆಂಪು ಬಿಳಿ ದಾರದ ಪುಟ್ಟ ಪದಕಗಳನ್ನು ತಂದು ಅವಳ ಎದೆಗೆ ಚುಚ್ಚುವರು. ಏಪ್ರನ್ನು ಬಿಳಿಯೋ ಕೆಂಪೋ ತಿಳಿಯದಷ್ಟು. ಅಂಗಡಿಯಲ್ಲಿ ಕಾಫಿ ಸಿಗದಿದ್ದ ಆ ವರ್ಷಗಳಲ್ಲೂ ಅವಳ ಬೀರುವಿನಲ್ಲಿ ನಿಜವಾದ ಕಾಫಿಬೀಜ ಇರುತ್ತಿತ್ತು. ಅಡುಗೆಮನೆಯ ಹೆಂಗಸರು ಹೊಟ್ಟೆ ಉರಿದುಕೊಂಡು, "ಏನಮ್ಮ ಪ್ರೊಫೆಸರೇ, ಇವತ್ತು ಎಷ್ಟು ಜನರನ್ನ ಡಾಕ್ಟರ್ ಮಾಡಿದೆ?" ಎಂದು ಚುಚ್ಚುವರು. "ನಿನ್ನ ಸೂಪ್ ಕುಡಿದವರನ್ನ ಉಳಿಸೋಕಾದ್ರೂ ಡಾಕ್ಟ್ರು ಬೇಕಲ್ಲೇ," ಎಂದು ಇವಳು ತಿರುಗಿಸುವಳು.

ಇಷ್ಟು ವರ್ಷಗಳಲ್ಲಿ ಅವಳ ಉತ್ತರ ಒಮ್ಮೆಯೂ ತಪ್ಪಾಗಿರಲಿಲ್ಲ. ಅದು ಅವಳ ಹೆಮ್ಮೆ. ಮದುವೆ ಆಗಿ ಮುರಿದುಹೋಗಿತ್ತು, ಮಕ್ಕಳಿರಲಿಲ್ಲ. ಆ ಹೆಮ್ಮೆಯೊಂದೇ ಅವಳ ಮನೆಯ ದೀಪ.

ಮೂವತ್ತೊಂದನೆಯ ವರ್ಷ ಈಸ್ಟರ್ ಹಬ್ಬ ಕಳೆದ ಮೇಲೆ ಅವಳ ತಂಗಿ ಆಗ್ಲಾಯಾ ಹಳ್ಳಿಯಿಂದ ಬಂದಳು. ತಿಂದದ್ದು ನಿಲ್ಲುತ್ತಿರಲಿಲ್ಲ; ಸೊಂಟದ ಸ್ಕರ್ಟಿಗೆ ಎರಡು ಕಡೆ ಪಿನ್ನು ಹಾಕಿಕೊಂಡಿದ್ದಳು. ಪ್ರೊಫೀರಾ ಯಾರ ಅಪ್ಪಣೆಯನ್ನೂ ಕೇಳದೆ ನಾಲ್ಕನೇ ಕೋಣೆಯ ಏಳನೇ ಹಾಸಿಗೆಯನ್ನು, ಕಿಟಕಿಯ ಪಕ್ಕದ್ದನ್ನು, ಅವಳಿಗೆ ಕೊಡಿಸಿದಳು. ದಿನವೂ ಬೆಳಿಗ್ಗೆ ಬಿಸಿನೀರು ತಂದು ಮುಖ, ಕೊರಳು, ಬೆನ್ನು ತಾನೇ ಒರೆಸಿದಳು. ಎಕ್ಸ್‌ರೇ ಆಯಿತು, ಹೊಟ್ಟೆಗೆ ಕೊಳವೆ ಇಳಿಸಿ ನೋಡಿದ್ದೂ ಆಯಿತು. ಗುರುವಾರದ ರೌಂಡ್ಸಿನಲ್ಲಿ ಡಾಕ್ಟರ್ ವಿಕೋಲ್, "ಹಳೆಯ ಹುಣ್ಣು. ವಾಸಿಯಾಗೋವಾಗ ಹೊಟ್ಟೆಯ ಬಾಯಿ ಕಟ್ಕೊಂಡಿದೆ," ಎಂದರು. ಪ್ರೊಫೆಸರು ತಲೆದೂಗಿ ಆಗ್ಲಾಯಾಳ ಕೈ ತಟ್ಟಿದರು. ಎಲ್ಲರೂ ಹೊರಗೆ ಹೋದರು. ಪ್ರೊಫೀರಾ ಬಕೆಟ್ಟು ಎತ್ತಿಕೊಂಡು ಹಿಂದೆಯೇ ಹೋಗಿ, ಹಜಾರದಲ್ಲಿ ಕಿವಿ ನಿಮಿರಿಸಿ ನಿಂತಳು. ಅಂದು ಹಜಾರದಲ್ಲಿ ಯಾರೂ ಏನೂ ಮಾತಾಡಲಿಲ್ಲ. ಕಿಟಕಿಯ ಪಕ್ಕಕ್ಕೆ ಯಾರೂ ಅವಳನ್ನು ಕರೆಯಲಿಲ್ಲ. ಒಂದು ವಾರ ಕಾದಳು, ಕರೆಯಲೇ ಇಲ್ಲ. ಹಾಗಾದರೆ ಹುಣ್ಣು ಹುಣ್ಣೇ ಎಂದು ಅವಳ ಎದೆ ಹಗುರಾಯಿತು. ಚರ್ಚಿಗೆ ಹೋಗಿ ಮೇಣದ ಬತ್ತಿ ಹಚ್ಚಿ ಬಂದಳು.

ಕೊನೆಯ ವರ್ಷದಲ್ಲಿ ಮಿನೊದೋರಾ ಎಂಬ ಹುಡುಗಿ ಇದ್ದಳು. ದೋರಾ ಎಂದು ಕರೆಯುತ್ತಿದ್ದರು. ಓದುತ್ತಿರುವಾಗಲೇ ಮದುವೆಯಾಗಿ ಒಂದು ಮಗುವಾಗಿತ್ತು. ಮಗು ಬರ್ಲಾದ್ ಪಟ್ಟಣದಲ್ಲಿ ಅತ್ತೆಮನೆಯಲ್ಲಿ ಬೆಳೆಯುತ್ತಿತ್ತು. ಜೂನ್‌ನಲ್ಲಿ ಪಾಸಾದವರಿಗೆ, ಅಂಕದ ಸರದಿಯಂತೆ, ಕೆಲಸದ ಊರನ್ನು ಆರಿಸಿಕೊಳ್ಳುವ ಹಕ್ಕು. ಫೇಲಾಗಿ ಸೆಪ್ಟೆಂಬರಿಗೆ ಉಳಿದವರಿಗೆ ಯಾರೂ ಬೇಡವೆಂದ ಊರು. ಡ್ಯಾನ್ಯೂಬ್ ನದಿ ಸಮುದ್ರ ಸೇರುವ ಕೆಸರಿನ ದ್ವೀಪಗಳು, ಮೂರು ವರ್ಷ. "ಬರ್ಲಾದ್ ಸಿಗದಿದ್ರೆ ನನ್ನ ಮಗಳು ಅಜ್ಜಿನೇ ಅಮ್ಮ ಅಂದ್ಕೊಂಡು ಬೆಳೀತಾಳೆ, ಅತ್ತೆ," ಎಂದು ದೋರಾ ಒಮ್ಮೆ ಪ್ರೊಫೀರಾಗೆ ಹೇಳಿದ್ದಳು; ವಾರ್ಡಿನಲ್ಲಿ ಎಲ್ಲರಿಗೂ ಪ್ರೊಫೀರಾ 'ಅತ್ತೆ'ಯೇ. ಇಡೀ ತರಗತಿಯಲ್ಲಿ ಪ್ರೊಫೀರಾಳ ಪಿಸುಮಾತು ಬೇಡವೆನ್ನುತ್ತಿದ್ದವಳು ಅವಳೊಬ್ಬಳೇ. "ನಾನೇ ಹುಡುಕ್ತೀನಿ ಬಿಡಿ," ಎಂದು ನಗುವಳು. ರೋಗಿಯನ್ನು ಮಗ್ಗುಲು ತಿರುಗಿಸುವಾಗ ಬಂದು ಕೈಕೊಡುವವಳೂ ಅವಳೇ. ಹಾಗಾಗಿ ಪ್ರೊಫೀರಾಗೆ ಅವಳ ಮೇಲೆ ಪ್ರೀತಿ, ಒಂದಿಷ್ಟು ಮುನಿಸು ಎರಡೂ ಇದ್ದವು.

ಪರೀಕ್ಷೆಯ ದಿನ ದೋರಾ ಎತ್ತಿದ ಚೀಟಿಯಲ್ಲಿ ಬಂದದ್ದು ನಾಲ್ಕನೇ ಕೋಣೆ, ಏಳನೇ ಹಾಸಿಗೆ.

ಪ್ರೊಫೀರಾಗೆ ಹಿಡಿಸಲಾರದಷ್ಟು ಸಂತೋಷ. ತನ್ನ ತಂಗಿ, ತನ್ನ ಹುಡುಗಿ! ಹೊದಿಕೆ ತೆಗೆದುಕೊಂಡು ಒಳಗೆ ಹೋದಳು. ದೋರಾ ಆಗ್ಲಾಯಾಳ ತಲೆಯ ಬಳಿ ನಿಂತು, ಎಡ ಕೊರಳೆಲುಬಿನ ಮೇಲಿನ ಗುಳಿಯಲ್ಲಿ ಬೆರಳಿಟ್ಟು ಬಹಳ ಹೊತ್ತು ತಡವುತ್ತಿದ್ದಳು. ಅವಳ ಮುಖ ಬಿಳುಪೇರಿತ್ತು. ಹೆದರಿದ್ದಾಳೆ, ತೋಚುತ್ತಿಲ್ಲ ಎಂದುಕೊಂಡಳು ಪ್ರೊಫೀರಾ. ಹೊದಿಕೆಯನ್ನು ಕೊಡವುತ್ತ ಅವಳ ಕಿವಿಯ ಬಳಿ ಬಗ್ಗಿದಳು.

"ಹಳೇ ಹುಣ್ಣು. ಹೊಟ್ಟೆಯ ಬಾಯಿ ಕಟ್ಕೊಂಡಿದೆ. ಅಷ್ಟೇ, ಬೇರೇನಿಲ್ಲ."

ದೋರಾ ತಲೆಯೆತ್ತಿ ಅವಳನ್ನು ನೋಡಿದಳು. "ನಿಮಗೆ ಯಾರು ಹೇಳಿದ್ರು, ಅತ್ತೆ?"

"ನನ್ನ ಒಡಹುಟ್ಟಿದವಳು ಕಣೇ! ನನಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಿರುತ್ತೆ? ಇದೊಂದು ಸಲ ನನ್ನ ಮಾತು ಕೇಳು. ನಿನ್ನ ಮಗಳ ಮೇಲಾಣೆ."

ಹಾಸಿಗೆಯಲ್ಲಿದ್ದ ಆಗ್ಲಾಯಾ, "ನೀವಿಬ್ರೂ ನನ್ನ ಹೊಟ್ಟೆ ಹರಾಜು ಹಾಕ್ತಿದ್ದೀರೇನು?" ಎಂದು ನಕ್ಕಳು. ದೋರಾ ನಗಲಿಲ್ಲ. ಕಾಗದಗಳನ್ನು ಮಡಚಿ ಎದೆಗವಚಿಕೊಂಡು ಹೊರಟಳು.

ಅಂದು ಸೆಖೆ. ಪರೀಕ್ಷೆಯ ಕೋಣೆಯ ಬಾಗಿಲನ್ನು ಗಾಳಿಗೆಂದು ಅರೆ ತೆರೆದಿದ್ದರು. ಪ್ರೊಫೀರಾ ಬಕೆಟ್ಟನ್ನು ಹೊಸ್ತಿಲ ಬಳಿ ಇಟ್ಟು, ಒರೆಸಿದ ನೆಲವನ್ನೇ ಮತ್ತೆ ಒರೆಸುತ್ತ ನಿಂತಳು. ತನ್ನ ಉತ್ತರ ಬೇರೆಯವರ ಬಾಯಿಂದ ಬರುವುದನ್ನು ಕೇಳುವುದೇ ಅವಳಿಗೆ ವರ್ಷದ ಹಬ್ಬ. ದೋರಾ ರೋಗಿಯ ವಯಸ್ಸು, ಊರು, ಎಷ್ಟು ದಿನದಿಂದ ವಾಂತಿ ಎಂಬುದನ್ನೆಲ್ಲ ಚೆನ್ನಾಗಿ ಹೇಳಿದಳು. ಆಮೇಲೆ ಒಮ್ಮೆ ಬಾಗಿಲ ಕಡೆ ನೋಡಿ ತಡೆದಳು.

"ಹಾಗಾದ್ರೆ ರೋಗ ಯಾವುದು?" ಪ್ರೊಫೆಸರ್ ಜಹಾರಿಯಾ ಕೇಳಿದರು.

"ಹಳೆಯ ಹುಣ್ಣು, ಸಾರ್. ಹೊಟ್ಟೆಯ ಬಾಯಿ ಕಟ್ಟಿದೆ."

"ಕೊರಳು ಮುಟ್ಟಿ ನೋಡಿದ್ರಾ?"

"ನೋಡಿದೆ."

"ಎಡಗಡೆ ಏನೂ ಸಿಗಲಿಲ್ವಾ?"

ದೋರಾ ಕಾಗದಗಳನ್ನು ಮಗುಚಿ ಮೇಜಿನ ಮೇಲಿಟ್ಟಳು.

"ಏನಮ್ಮ, ಕಲ್ಲಿನಂಥ ಗಂಟು ಕೈಗೆ ಸಿಗುತ್ತೆ! ಹೊಟ್ಟೆಯ ಕ್ಯಾನ್ಸರ್ ಕೊರಳಿಗೆ ಹತ್ತಿದೆ ಅಂತ ಮೂರನೇ ವರ್ಷದ ಮಕ್ಕಳೂ ಹೇಳ್ತಾರೆ. ಅದನ್ನ ಮುಟ್ಟಿಯೂ ಹುಣ್ಣು ಅಂತೀರಲ್ಲ, ನಿಮ್ಮ ಕೈಗೆ ನಾನು ರೋಗಿಗಳನ್ನ ಹೇಗೆ ಕೊಡ್ಲಿ? ಸೆಪ್ಟೆಂಬರಿಗೆ ಬನ್ನಿ."

ಪಕ್ಕದಲ್ಲಿ ಕುಳಿತಿದ್ದ ಡಾಕ್ಟರ್ ವಿಕೋಲ್ ಆಗ ಬಾಗಿಲ ಸಂದಿಯಲ್ಲಿ ಪ್ರೊಫೀರಾಳ ಮುಖವನ್ನು ಕಂಡರು. ಅವರ ಕೈಯ ಪೆನ್ನು ಕೆಳಗೆ ಬಿತ್ತು.

ಪ್ರೊಫೀರಾ ಬಕೆಟ್ಟನ್ನು ಅಲ್ಲೇ ಬಿಟ್ಟು ಬಟ್ಟೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಡಚಿಟ್ಟ ಹೊದಿಕೆಗಳ ಮೇಲೆ ಕುಳಿತು ತನ್ನ ಬಲಗೈ ಬೆರಳುಗಳನ್ನು ನೋಡಿದಳು. ಆರು ವಾರ, ದಿನವೂ ಬೆಳಿಗ್ಗೆ, ಆ ಕೊರಳನ್ನು ಒರೆಸಿದ ಬೆರಳುಗಳು. ಬಿಸಿ ಬಟ್ಟೆಯ ಅಡಿಯಲ್ಲಿ ಏನೋ ಗಟ್ಟಿಯಾಗಿ ಸಿಕ್ಕಿದ್ದು ಈಗ ಸ್ಪಷ್ಟವಾಗಿ ನೆನಪಿಗೆ ಬಂತು. ಸೊರಗಿದ ಮೈಯಲ್ಲಿ ಮೂಳೆ ಎದ್ದಿದೆ ಎಂದುಕೊಂಡಿದ್ದಳು.

ಆದರೆ ಮುಂದೆ ಅವಳು ಯಾರಿಗೂ ಹೇಳಲಾರದೆ ಹೋದ ಸಂಗತಿ ಇದಲ್ಲ. ಬಾಗಿಲಲ್ಲಿ ಆ ಮಾತು ಕಿವಿಗೆ ಬಿದ್ದಾಗ ಅವಳಿಗೆ ಮೊದಲು ತಂಗಿಯ ನೆನಪಾಗಲಿಲ್ಲ, ಆ ಹುಡುಗಿಯ ನೆನಪೂ ಆಗಲಿಲ್ಲ. 'ಪ್ರೊಫೀರಾ ತಪ್ಪು ಹೇಳಿದಳು ಅಂತ ಎಲ್ಲರಿಗೂ ಗೊತ್ತಾಗುತ್ತದೆ' ಎಂಬುದೇ ಮೊದಲು ಬಂದ ಯೋಚನೆ. ಸಾಯುತ್ತಿರುವ ತಂಗಿಗಿಂತ ಮುಂಚೆ ಅವಳ ಮನಸ್ಸು ತನ್ನ ಹೆಸರನ್ನು ಹುಡುಕಿಕೊಂಡು ಓಡಿತ್ತು. ಅದು ನೆನಪಾದಾಗಲೆಲ್ಲ, ವರ್ಷಗಳ ನಂತರವೂ, ಅವಳ ಕಿವಿಗಳು ಬಿಸಿಯಾಗುತ್ತಿದ್ದವು.

ಸ್ವಲ್ಪ ಹೊತ್ತಿನ ಮೇಲೆ ಡಾಕ್ಟರ್ ವಿಕೋಲ್ ಬಾಗಿಲು ತಟ್ಟಿ ಒಳಗೆ ಬಂದರು. ನಲವತ್ತೇಳು ವರ್ಷದ ಮನುಷ್ಯ, ಶಾಲೆಯ ಹುಡುಗನ ಹಾಗೆ ಗೋಡೆಗೊರಗಿ ನಿಂತರು.

"ಅತ್ತೆ, ನಾನೇ ಹೇಳ್ಬೇಕಿತ್ತು. ನಾಳೆ ಹೇಳೋಣ, ನಾಳೆ ಹೇಳೋಣ ಅಂತ... ಬೇರೆ ಯಾರಿಗಾದ್ರೂ ಆಗಿದ್ರೆ ಅವತ್ತೇ ಕರೆದು ಹೇಳ್ತಿದ್ದೆ. ನಿಮ್ಮ ಮುಖ ನೋಡಿ ಬಾಯಿ ಬರಲಿಲ್ಲ."

"ಎಷ್ಟು ದಿನ ಇದೆ?"

"ಸೆಪ್ಟೆಂಬರಿನ ದ್ರಾಕ್ಷಿ ಕೊಯ್ಲು ನೋಡ್ತಾರೋ ಇಲ್ವೋ."

ಪ್ರೊಫೀರಾ ತಲೆಯಾಡಿಸಿದಳು. ಆಮೇಲೆ, "ಆ ಹುಡುಗಿಗೆ ಹುಣ್ಣು ಅಂತ ಹೇಳಿಕೊಟ್ಟಿದ್ದು ನಾನು," ಎಂದಳು. "ಪ್ರೊಫೆಸರ ಹತ್ರ ಹೋಗಿ ಹೇಳ್ತೀನಿ."

ವಿಕೋಲ್ ಗಾಬರಿಯಾದರು. "ಬೇಡ, ಅತ್ತೆ! ನಿಮ್ಮ ಕಾಲು ಹಿಡ್ಕೋತೀನಿ. ನೀವು ಬಾಯಿ ಬಿಟ್ರೆ ಇದು ಇವತ್ತಿನ ಒಂದು ಮಾತಿಗೆ ನಿಲ್ಲುತ್ತಾ? ಯಾರ್ಯಾರಿಗೆ ಹೇಳ್ಕೊಟ್ಟಿದ್ದೆ ಅಂತ ಕೇಳ್ತಾರೆ. ಇಪ್ಪತ್ತೈದು ವರ್ಷದಲ್ಲಿ ಪಾಸಾದ ಡಾಕ್ಟರುಗಳು... ನಾನು ಅವರ ಪಕ್ಕದ ಕುರ್ಚೀಲೇ ಕೂತಿದೀನಲ್ಲ!"

"ಕೂತಿರಪ್ಪ. ನಿನ್ನನ್ನ ಎಬ್ಬಿಸ್ತೀನಿ ಅಂದೆನಾ?"

"ಸೆಪ್ಟೆಂಬರಿಗೆ ಬರೆದು ಪಾಸಾಗ್ತಾಳೆ ಬಿಡಿ. ಏನು ಮಹಾ ಮೂರು ತಿಂಗಳು!"

ಆ ಮಾತು ಪ್ರೊಫೀರಾಳ ಕಾಲನ್ನು ಹಿಡಿದು ನಿಲ್ಲಿಸಿತು. ಸತ್ಯವಾಗಿ ಹೇಳಬೇಕೆಂದರೆ ಅರ್ಧ ಗಂಟೆಯ ಕಾಲ ನಿಲ್ಲಿಸಿತು. ಎಷ್ಟು ಸುಲಭ! ಹುಡುಗಿ ತಾನಾಗಿ ಬಾಯಿ ಬಿಡುವವಳಲ್ಲ. ತನ್ನ ಹೆಸರು ಉಳಿಯುತ್ತದೆ, ಪಿಂಚಣಿಗೆ ಇನ್ನು ಮೂರೇ ವರ್ಷ. ಹೊದಿಕೆಗಳನ್ನು ಎಣಿಸುವವಳಂತೆ ಕೈಯಾಡಿಸುತ್ತ ಕುಳಿತಳು. ಆಗ ಹೊರಗೆ ಹಜಾರದ ಟೆಲಿಫೋನಿನಲ್ಲಿ ಬರ್ಲಾದಿನ ಅತ್ತೆಯೊಡನೆ ಮಾತಾಡುತ್ತಿದ್ದ ದೋರಾಳ ದನಿ ಕೇಳಿಸಿತು. "ಇಲ್ಲ ಅಮ್ಮ, ಈ ಸಲ ಆಗಲಿಲ್ಲ... ಪಾಪುಗೆ ಏನೂ ಹೇಳ್ಬೇಡಿ... ಹೂಂ, ಅವಳನ್ನ ಕೊಡಿ." ಆ ಕಡೆಯಿಂದ ಮಗು ಏನು ತೊದಲುತ್ತಿತ್ತೋ, ದೋರಾ ಹೂಂಗುಟ್ಟುತ್ತಲೇ ಇದ್ದಳು. ಪ್ರೊಫೀರಾ ಎದ್ದಳು.

ಪ್ರೊಫೆಸರು ತಮ್ಮ ಕೋಣೆಯಲ್ಲಿ ಉಪ್ಪು ಗಿಣ್ಣು, ಬ್ರೆಡ್ಡು ತಿನ್ನುತ್ತಿದ್ದರು. ಪ್ರೊಫೀರಾ ಬಾಗಿಲಲ್ಲೇ ನಿಂತು, ಉಸಿರು ಬಿಡದೆ, ಎಲ್ಲವನ್ನೂ ಹೇಳಿದಳು. ದಿಂಬಿನ ಚೀಲ, ಇಪ್ಪತ್ತೈದು ವರ್ಷ, ಇಂದಿನ ಬೆಳಿಗ್ಗೆ. ಹೆಸರುಗಳನ್ನು ಮಾತ್ರ ಹೇಳಲಿಲ್ಲ. ಪ್ರೊಫೆಸರು ಚಾಕುವನ್ನು ಕೆಳಗಿಟ್ಟರು.

"ನನಗೆ ಗೊತ್ತು," ಎಂದರು.

"ಏನು ಗೊತ್ತು, ಡಾಕ್ಟ್ರೇ?"

"ನೀನು ಹೇಳ್ಕೊಡ್ತೀಯ ಅಂತ. ಇಡೀ ಆಸ್ಪತ್ರೆಗೆ ಗೊತ್ತು. ವರ್ಷಕ್ಕೊಂದು ಸಲ ದಿಂಬಿಗೆ ಅಷ್ಟೊಂದು ಕೊಳೆ ಆಗುತ್ತೇನಮ್ಮ? ರೋಗದ ಹೆಸರು ಹೇಳಿದ ಮಾತ್ರಕ್ಕೆ ನಾನು ಯಾವತ್ತೂ ಯಾರನ್ನೂ ಪಾಸು ಮಾಡಿಲ್ಲ. ಹೇಗೆ ಗೊತ್ತಾಯ್ತು ಅಂತ ಕೇಳ್ತೀನಿ. ಅಲ್ಲಿ ನಿನ್ನ ಪಿಸುಮಾತು ಕೆಲಸಕ್ಕೆ ಬರಲ್ಲ. ಪಾಸಾದೋರೆಲ್ಲ ತಾವೇ ಪಾಸಾದ್ರು."

ಪ್ರೊಫೀರಾ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಬೈದಿದ್ದರೆ ನಿಂತುಕೊಳ್ಳುತ್ತಿದ್ದಳು. ಇಪ್ಪತ್ತೈದು ವರ್ಷ ತಾನು ಹಂಚಿದ್ದು ಯಾರಿಗೂ ಬೇಕಿರಲಿಲ್ಲವೆಂದೂ, ಅವರೆಲ್ಲ ಅಜ್ಜಿಯ ಕೈಯ ಮಿಠಾಯಿಯಂತೆ ನಗುನಗುತ್ತ ಅದನ್ನು ತೆಗೆದುಕೊಂಡಿದ್ದರೆಂದೂ ಕೇಳಿ ಅವಳಿಗೆ ಬಟ್ಟೆ ಬಿಚ್ಚಿ ಬೀದಿಯಲ್ಲಿ ನಿಂತ ಹಾಗಾಯಿತು.

"ಹೋಗ್ಲಿ, ಡಾಕ್ಟ್ರೇ," ಎಂದಳು ಕೊನೆಗೆ. "ನನ್ನದು ಹಾಗಿರ್ಲಿ. ಅವಳ ಕೈ ನಾನು ನೋಡಿದೆ. ಅದೇ ಜಾಗದಲ್ಲಿ ಬೆರಳಿಟ್ಟಿದ್ಲು. ನಾನು ಕೆಡಿಸಿದೆ. ಅವಳು ಬರೆದಿದ್ದಾದ್ರೂ ಒಂದ್ಸಲ ನೋಡಿ."

ಬರೆದ ಕಾಗದವನ್ನು ಓದುವ ಅಭ್ಯಾಸ ಪ್ರೊಫೆಸರಿಗೆ ಇರಲಿಲ್ಲ. ರೋಗಿಯ ವಿಷಯವನ್ನು ಬಾಯಿಬಿಟ್ಟು ಹೇಳಲಾರದವನು ಬರೆದು ಏನು ಪ್ರಯೋಜನ ಎನ್ನುತ್ತಿದ್ದರು. ಈಗ ಫೈಲಿನಿಂದ ಹುಡುಕಿ ತೆಗೆದರು. ಕನ್ನಡಕ ಏರಿಸಿ ಓದಿದರು. ಎರಡನೆಯ ಪುಟವನ್ನು ಎರಡು ಸಲ ಓದಿದರು. ಆಮೇಲೆ ದೋರಾಳನ್ನು ಕರೆಸಿದರು.

"ಎಡ ಕೊರಳೆಲುಬಿನ ಮೇಲೆ ಗೋಲಿಯಷ್ಟು ಗಂಟು, ಗಟ್ಟಿ, ನೋವಿಲ್ಲ, ಜರುಗುವುದಿಲ್ಲ. ಹೊಟ್ಟೆಯ ಕ್ಯಾನ್ಸರ್, ಹರಡಿದೆ. ಇದು ಯಾರ ಅಕ್ಷರ?"

"ನನ್ನದು, ಸಾರ್."

"ಯಾವಾಗ ಬರೆದದ್ದು?"

"ಪ್ರೊಫೀರಾ ಅತ್ತೆ ಒಳಗೆ ಬರೋಕ್ಕೆ ಮುಂಚೆ ಅರ್ಧ, ಅವರು ಹೋದ್ಮೇಲೆ ಇನ್ನರ್ಧ."

"ಅಂದ್ರೆ ಇವಳ ಮಾತು ನಂಬಲಿಲ್ಲ. ಮತ್ತೆ ನಮ್ಮ ಮುಂದೆ ಹುಣ್ಣು ಅಂತ ಯಾಕೆ ಹೇಳಿದ್ರಿ?"

ದೋರಾ ನೆಲ ನೋಡುತ್ತ ನಿಂತಳು. ಪ್ರೊಫೆಸರು ಮೇಜು ಕುಟ್ಟಿದರು.

"ಬಾಗಿಲು ತೆರೆದಿತ್ತು, ಸಾರ್," ಎಂದಳು ಆಗ. "ಹೊಸ್ತಿಲ ಹತ್ರ ಬಕೆಟ್ ಕಾಣಿಸ್ತಿತ್ತು. ಅವರಿಗೆ ಯಾರೂ ಹೇಳಿಲ್ಲ ಅಂತ ನನಗೆ ಕೋಣೆಯಲ್ಲೇ ಗೊತ್ತಾಯ್ತು. ಅಷ್ಟು ಸಂತೋಷವಾಗಿ ಹೇಳ್ಕೊಟ್ರು... ಬಾಗಿಲ ಹಿಂದೆ ನಿಂತು ನನ್ನ ಬಾಯಿಂದ ಕೇಳ್ಬಾರ್ದು ಅನ್ನಿಸ್ತು."

ಪ್ರೊಫೀರಾ ಒಪ್ಪಿಕೊಳ್ಳಲು ಬಂದದ್ದು ಒಂದು ತಪ್ಪನ್ನು. ಅಲ್ಲಿ ನಿಂತಿದ್ದದ್ದು ಬೇರೆಯೇ ತಪ್ಪು. ಅವಳ ಪಿಸುಮಾತು ಹುಡುಗಿಯನ್ನು ಕೆಡಿಸಿರಲಿಲ್ಲ. ಹಬ್ಬದ ಊಟಕ್ಕೆ ಕಾದವಳಂತೆ ಬಾಗಿಲಲ್ಲಿ ಕಿವಿಯೊಡ್ಡಿ ನಿಂತದ್ದು ಕೆಡಿಸಿತ್ತು. ತನ್ನ ಎದೆಯೊಡೆಯಬಾರದೆಂದು ಈ ಹುಡುಗಿ ತನ್ನ ಮಗುವಿನ ಪಕ್ಕದ ಊರನ್ನು ಕೈಬಿಟ್ಟು ನಿಂತಿದ್ದಳು. ಪ್ರೊಫೀರಾ ತಲೆಯೆತ್ತಲಾರದೆ ಹೋದಳು.

"ನೀವು ಹೊರಗೆ ಹೋಗಿ, ಅಮ್ಮ," ಎಂದರು ಪ್ರೊಫೆಸರು, ಎಂದೂ ಇಲ್ಲದೆ ಬಹುವಚನದಲ್ಲಿ. "ಹಜಾರದ ಆ ತುದಿಗೆ ಹೋಗಿ. ಬಾಗಿಲು ಹಾಕ್ಕೊಂಡು ಹೋಗಿ."

ಮುಚ್ಚಿದ ಬಾಗಿಲ ಹಿಂದೆ ಮೂವರು ಪರೀಕ್ಷಕರೂ ಸೇರಿ ಇಪ್ಪತ್ತು ನಿಮಿಷ ಮತ್ತೆ ಕೇಳಿದರು. ಸಂಜೆ ಗೋಡೆಗೆ ಹಚ್ಚಿದ ಪಟ್ಟಿಯಲ್ಲಿ ದೋರಾಳ ಹೆಸರಿನ ಮುಂದೆ ಹತ್ತಕ್ಕೆ ಆರು ಇತ್ತು. ಪಾಸು. ಆದರೆ ಹೇಳಬೇಕಾದ ಕಡೆ ಹೇಳದಿದ್ದದ್ದಕ್ಕೆ ಪ್ರೊಫೆಸರು ನಾಲ್ಕು ಅಂಕ ಕಳೆದಿದ್ದರು. ಅಷ್ಟು ಕಡಿಮೆ ಅಂಕಕ್ಕೆ ಬರ್ಲಾದ್ ಸಿಗಲಿಲ್ಲ. ಅಲ್ಲಿಂದ ಹದಿನೆಂಟು ಕಿಲೋಮೀಟರು ದೂರದ, ದಿನಕ್ಕೆರಡು ಬಸ್ಸಿನ ಒಂದು ಹಳ್ಳಿ ಸಿಕ್ಕಿತು. ಮಗುವನ್ನು ಅಲ್ಲಿಗೆ ಕರೆದುಕೊಳ್ಳಬಹುದಾಗಿತ್ತು.

ಆ ಸಂಜೆ ಪ್ರೊಫೀರಾ ತಂಗಿಗೆ ಸೂಪು ಕುಡಿಸುವಾಗ ಆಗ್ಲಾಯಾ ಕೇಳಿದಳು: "ಆ ಹುಡುಗಿ ಪಾಸಾದ್ಲೇನೇ, ಅಕ್ಕ?"

"ಆದ್ಲು."

"ಹಾಗಾದ್ರೆ ಸರಿಯಾಗೇ ಹೇಳಿರ್ಬೇಕು. ಏನಂತೆ ನನಗೆ?"

ಚಮಚ ಅರ್ಧದಲ್ಲಿ ನಿಂತಿತು. "ಹಳೇ ಹುಣ್ಣು," ಎಂದಳು ಪ್ರೊಫೀರಾ. ಡಾಕ್ಟರ್ ವಿಕೋಲ್ ಯಾಕೆ ಆರು ವಾರ ತನ್ನ ಕಣ್ಣು ತಪ್ಪಿಸಿ ಓಡಾಡಿದರೆಂಬುದು ಅವಳಿಗೆ ಆ ಎರಡು ಪದಗಳಲ್ಲಿ ತಿಳಿಯಿತು. ಆಗ್ಲಾಯಾ ಅಕ್ಕನ ಮುಖವನ್ನು ಒಂದು ಗಳಿಗೆ ನೋಡಿ, "ಸರಿ ಬಿಡು, ಸೂಪಿಗೆ ಉಪ್ಪಿಲ್ಲ," ಎಂದು ಬಾಯಿ ತೆರೆದಳು.

ಪ್ರೊಫೀರಾಳನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ, ಒಂದು ಮಾತೂ ಆಡಲಿಲ್ಲ. ಅದೇ ಅವಳಿಗೆ ತಡೆಯಲಾಗಲಿಲ್ಲ. ಹಜಾರದಲ್ಲಿ ವಿದ್ಯಾರ್ಥಿಗಳು "ನಮಸ್ಕಾರ, ಪ್ರೊಫೆಸರೇ" ಎಂದರೆ ಗೋಡೆಯ ಕಡೆ ತಿರುಗುವಳು. ಪಟ್ಟಿ ಹಚ್ಚಿದ ಮರುದಿನ ದೋರಾ ಹೂವಿನ ಗೊಂಚಲು ಹಿಡಿದು ಅವಳನ್ನು ಹುಡುಕಿಕೊಂಡು ಬಂದಳು. ಪ್ರೊಫೀರಾ ಬಟ್ಟೆಯ ಕೋಣೆಯ ಚಿಲಕ ಹಾಕಿಕೊಂಡು ಉಸಿರು ಬಿಗಿಹಿಡಿದು ಕುಳಿತಳು. ಹುಡುಗಿ ಮೂರು ಸಲ ಕರೆದು, ಹೂವನ್ನು ಬಾಗಿಲಲ್ಲಿಟ್ಟು ಹೋದಳು. ಕ್ಷಮಿಸು ಎಂಬ ಒಂದು ಮಾತು ಒಳಗಡೆಯೇ ಉಳಿಯಿತು. ಆ ತಿಂಗಳೇ ಪ್ರೊಫೀರಾ ಅರ್ಜಿ ಹಾಕಿ ನೆಲಮಾಳಿಗೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಹೋದಳು. ಅಲ್ಲಿ ಯಂತ್ರಗಳ ಗದ್ದಲ. ಕಿವಿಯಿದ್ದೂ ಕೇಳಬೇಕಾದದ್ದೇನೂ ಇರಲಿಲ್ಲ.

ಆಗ್ಲಾಯಾ ಆಗಸ್ಟ್ ಕೊನೆಯಲ್ಲಿ ತೀರಿಕೊಂಡಳು. ನಲವತ್ತನೆಯ ದಿನದ ಪ್ರಾರ್ಥನೆ ಮುಗಿಸಿ, ಸಿಹಿಗೋಧಿ ಹಂಚಿ, ಮರುದಿನ ಪ್ರೊಫೀರಾ ಹುಳಿಚೆರ್ರಿಯ ಒಂದು ಜಾಡಿ ಜಾಮನ್ನು ಚೀಲಕ್ಕೆ ಹಾಕಿಕೊಂಡು ರೈಲು ಹತ್ತಿದಳು. ಬರ್ಲಾದಿನಲ್ಲಿ ಇಳಿದು, ಬಸ್ಸಿಗೆ ಎರಡು ಗಂಟೆ ಕಾದು, ಆ ಹಳ್ಳಿ ಸೇರಿದಾಗ ಹತ್ತೂವರೆ. ಚಿಕಿತ್ಸಾಲಯದ ಹೊರಗಿನ ಬೆಂಚಿನ ಮೇಲೆ ಒಂಬತ್ತು ಮಂದಿ ಕುಳಿತಿದ್ದರು. ಒಬ್ಬಳ ತೊಡೆಯ ಮೇಲೆ ಕಾಲು ಕಟ್ಟಿದ ಕೋಳಿ. ಪ್ರೊಫೀರಾ ಹೋಗಿ ಕೊನೆಯಲ್ಲಿ ಕುಳಿತಳು.

ದೋರಾ ಮುಂದಿನವರನ್ನು ಕರೆಯಲು ಬಾಗಿಲು ತೆರೆದವಳು ಅವಳನ್ನು ಕಂಡು ಹಾಗೇ ನಿಂತಳು. "ಅತ್ತೆ! ಇದೇನು, ಇಲ್ಲಿ ಕೂತಿದೀರಿ? ಒಳಗೆ ಬನ್ನಿ, ಬನ್ನಿ."

"ಇಲ್ಲ. ನನ್ನ ಸರದಿ ಬರ್ಲಿ."

"ಯಾರಿವರು, ಮಂತ್ರಿಯ ತಾಯಿನಾ?" ಕೋಳಿಯವಳು ಕೇಳಿದಳು. "ನಾವು ಆರು ಗಂಟೆಯಿಂದ ಕೂತಿದೀವಿ."

"ನೆಲ ಒರೆಸ್ತಿದ್ದವಳು, ತಾಯಿ," ಎಂದಳು ಪ್ರೊಫೀರಾ. "ನೀನು ಮುಂದೆ ಹೋಗು."

ಅವಳ ಸರದಿ ಬಂದಾಗ ಮಧ್ಯಾಹ್ನವಾಗಿತ್ತು. ಒಳಗೆ ಒಂದು ಮೇಜು, ಒಂದು ಮಂಚ. ಮೂಲೆಯಲ್ಲಿ ಎರಡು ವರ್ಷದ ಹುಡುಗಿ ಔಷಧಿಯ ಖಾಲಿ ಡಬ್ಬಿಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಳು. ಪ್ರೊಫೀರಾ ಕುಳಿತುಕೊಳ್ಳಲಿಲ್ಲ.

"ಕ್ಷಮಿಸು ಅಂತ ಹೇಳೋಕೆ ಬಂದೆ. ಅವತ್ತು ನೀನು ಕರೆದಾಗ ನಾನು ಒಳಗೇ ಇದ್ದೆ."

"ಗೊತ್ತಿತ್ತು," ಎಂದಳು ದೋರಾ. "ಬಾಗಿಲ ಕೆಳಗೆ ನಿಮ್ಮ ಚಪ್ಪಲಿ ಕಾಣಿಸ್ತಿತ್ತು."

"ನಿನ್ನ ನಾಲ್ಕು ಅಂಕ..."

"ಪ್ರೊಫೆಸರು ಕಳೆದದ್ದು ಸರಿ, ಅತ್ತೆ. ನಿಮ್ಮನ್ನ ಹೊರಗೆ ಕರೆದು ಹೇಳ್ಬೇಕಿತ್ತು ನಾನು. ಅಳುಕಿಬಿಟ್ಟೆ. ಅದಕ್ಕೆ ನೀವು ಕ್ಷಮಿಸ್ಬೇಕು." ಅವಳ ಕಣ್ಣು ಪ್ರೊಫೀರಾಳ ಕಾಲುಗಳ ಮೇಲೆ ಬಿತ್ತು. "ಇದೇನಿದು ಊತ? ಎಷ್ಟು ದಿನ ಆಯ್ತು? ಮಂಚದ ಮೇಲೆ ಕೂತ್ಕೊಳ್ಳಿ. ಕಾಲುಚೀಲ ಇಳಿಸಿ."

ಪ್ರೊಫೀರಾ ಕುಳಿತು ಕಾಲುಚೀಲ ಇಳಿಸಿದಳು. ದೋರಾ ಮಂಡಿಯೂರಿ ಹೆಬ್ಬೆರಳಿನಿಂದ ಕಣಕಾಲನ್ನು ಒತ್ತಿದಳು. ಬೆರಳು ತೆಗೆದ ಜಾಗದಲ್ಲಿ ಗುಳಿ ಉಳಿಯಿತು. ಆ ಗುಳಿ ಏನೆಂದು ಪ್ರೊಫೀರಾಗೆ ಗೊತ್ತಿತ್ತು. ಅದರ ಹೆಸರು, ಅದಕ್ಕೆ ಮುಂದೆ ಏನು ಕೇಳಬೇಕೆಂಬುದು, ಯಾವ ಮಾತ್ರೆ ಎಂಬುದೂ ನಾಲಗೆಯ ತುದಿಗೆ ಬಂದಿತ್ತು. ಅವಳು ತುಟಿ ಬಿಗಿದು, ದೋರಾ ಸ್ಟೆತಸ್ಕೋಪನ್ನು ತನ್ನ ಬೆನ್ನಿಗಿಟ್ಟು ಕೇಳಿ ಮುಗಿಸುವವರೆಗೆ ಸುಮ್ಮನೆ ಕುಳಿತಳು.